ಒಂದು ಹ್ಯಾವ್ ಬಾಕಿ

ಕೊಡಿಯಾಲಬೈಲಿನಲ್ಲಿ, ಕೋರ್ಟಿನೆದುರು, ಝೆರಾಕ್ಸ್ ಅಂಗಡಿಯ ಜಗಲಿಯಲ್ಲಿ
ನನ್ನದೊಂದು ಮೇಜು, ‘ಎ’ ಅಕ್ಷರ ತುಸು ಮೇಲೆ ನೆಗೆಯುವ ಟೈಪ್‌ರೈಟರು.
ಪುಟಕ್ಕೆ ಹನ್ನೆರಡು ರೂಪಾಯಿ. ಇಂಗ್ಲಿಷ್ ಮಾಡಿಕೊಡುವುದಾದರೆ ಇಪ್ಪತ್ತು.

ಆ ಇಂಗ್ಲಿಷ್ ಕಲಿಸಿದ್ದು ರಾತ್ರಿ ಶಾಲೆಯ ಲಿಗೋರಿ ಮಾಸ್ಟ್ರು.
ನಶ್ಯ ಹಿಡಿದ ಬೆರಳೆತ್ತಿ ಹೇಳುತ್ತಿದ್ದರು:
‘ನಿನ್ನೆ ಅಂದಿರೋ, ಹ್ಯಾವ್ ಹೊರಗೆ ನಡೆಯಲಿ.
ಹೋದ ವರ್ಷ ಅಂದಿರೋ, ಹ್ಯಾವ್ ಹೊರಗೆ.
ಗಳಿಗೆ ಗೊತ್ತಿದ್ದರೆ ಅದು ಸತ್ತ ಕೆಲಸ, ಹೂತುಬಿಡಿ.
ಗಳಿಗೆ ಹೇಳದೆ, ಫಲ ಮಾತ್ರ ಇವತ್ತಿಗೂ ಅಂಗಿಗೆ ಅಂಟಿದ್ದರೆ...’
ಅವರ ಅಂಗಿಗೆ ನಶ್ಯ ಅಂಟಿರುತ್ತಿತ್ತು. ನಾವು ನಗುತ್ತಿದ್ದೆವು.
ಉಳಿದರ್ಧ ನಿಯಮ ಆ ನಗೆಯಲ್ಲಿ ಹೋಯಿತು.

ವಾರಿಜಕ್ಕ ಬಂದದ್ದು ಒಂದು ಶುಕ್ರವಾರ.
ಸೊಂಟದಲ್ಲಿ ಎಲೆಯಡಿಕೆಯ ಚೀಲ,
ಬ್ರೆಡ್ಡಿನ ಪ್ಲಾಸ್ಟಿಕ್ಕಿನೊಳಗೆ ಕಂದಿದ ಹಾಜರಿ ಚೀಟಿಗಳು.
ಬೋಳಾರದ ಹೆಂಚಿನ ಕಾರ್ಖಾನೆ. ಇಪ್ಪತ್ತೇಳು ವರ್ಷ
ಹಸಿ ಹೆಂಚು ತಲೆಯ ಮೇಲೆ, ಅಚ್ಚಿನ ಯಂತ್ರದಿಂದ ಒಣಗುವ ಅಟ್ಟಕ್ಕೆ.
ಬಾಗಿಲು ಹಾಕಿದರು. ಗ್ರಾಚ್ಯುಟಿ ಅಂದರು. ನೋಡುವ ಅಂದರು.

ಹೊಡೆದೆ: ಐ ವರ್ಕ್ಡ್.
ಸರಿಯೇ ಇತ್ತು. ಎರಡು ತುದಿಗೂ ಇಸವಿ ಕಟ್ಟಿದೆ,
ಚಿಮಣಿಯ ಬಾಯಲ್ಲಿ ಅಶ್ವತ್ಥದ ಸಸಿ. ಮಾಸ್ಟ್ರು ಹೇಳಿದಂತೆ ಹೂತೆ.
ಅದೇ ಓಟದಲ್ಲಿ ಬೆರಳು ಮುಂದಕ್ಕೂ ಹೋಯಿತು:
ಐ ಡಿಡ್ ನಾಟ್ ರಿಸೀವ್.

ಓದಿ ಹೇಳು ಎಂದಳು. ತುಳುವಿನಲ್ಲಿ ಹೇಳಿದೆ,
‘ದುಡ್ಡು ಬತ್ತಿಜಿ.’
ಎಲೆಗೆ ಸುಣ್ಣ ಸವರುತ್ತಿದ್ದ ಬೆರಳು ನಿಂತಿತು.
‘ಬತ್ತಿಜಿ ಅತ್ತ್ ಮಾರಾಯ,
ಬೈದಿಜಿ.’

ಬರಲಿಲ್ಲ ಅಲ್ಲ. ಬಂದಿಲ್ಲ.
ಬರಲಿಲ್ಲ ಎಂದರೆ ಕಾದವಳು ದೀಪ ಆರಿಸಿ ಮಲಗಿದಳು ಎಂದು.
ಬಂದಿಲ್ಲ ಎಂದರೆ ಗಂಜಿಗೆ ತಟ್ಟೆ ಮುಚ್ಚಿಟ್ಟಿದೆ,
ಚಿಲಕ ಹಾಕಿಲ್ಲ,
ಕೊಡಬೇಕಾದವನ ಹೆಸರು ನೆನಪಿದೆ.
ಎಬಿಸಿಡಿ ತಿಳಿಯದವಳು
ಮಾಸ್ಟ್ರ ನಶ್ಯದೊಡನೆ ಹಾರಿಹೋದ ಅರ್ಧವನ್ನು ತಂದು
ನನ್ನ ಮೇಜಿನ ಮೇಲೆ ಇಟ್ಟು, ಮತ್ತೆ ಸುಣ್ಣ ಸವರತೊಡಗಿದಳು.

ಬಿಳಿ ಹಚ್ಚಿ ತಿದ್ದಲು ನೋಡಿದೆ. ಆಗಲಿಲ್ಲ.
ಇಂಗ್ಲಿಷಿನಲ್ಲಿ ಡಿಡ್‌ಗೆ ಮೂರಕ್ಷರ, ಹ್ಯಾವ್‌ಗೆ ನಾಲ್ಕು;
ಮುಗಿದದ್ದರ ಗುಂಡಿಯಲ್ಲಿ ಮುಗಿಯದ್ದು ಹಿಡಿಸುವುದಿಲ್ಲ.
ಹೊಸ ಹಾಳೆ, ಹೊಸ ಕಾರ್ಬನ್, ಮೊದಲಿಂದ.
‘ಎರಡು ಹಾಳೆಯ ದುಡ್ಡಾ?’
‘ತಪ್ಪು ನನ್ನದಲ್ಲವಾ, ಒಂದರದ್ದು ಸಾಕು.’
‘ಹಾಗಾದರೆ ಅದನ್ನು ಬಿಸಾಡಬೇಡ, ಇತ್ತ ಕೊಡು.’
ಡಿಡ್ ನಾಟ್ ರಿಸೀವ್ ಅನ್ನು ಅಡ್ಡಕ್ಕೆ ಹರಿದು
ಅಡಿಕೆ ಹೋಳುಗಳನ್ನು ಪೊಟ್ಟಣ ಕಟ್ಟಿದಳು.

ರುಜುವಿಗೆ ಮೊದಲು ಸುಮ್ಮನೆ ಮೇಲೆ ನೋಡಿದೆ.
ಜಗಲಿಯ ಮಾಡಿನ ಹೆಂಚು. ಒಳಮೈಯಲ್ಲಿ
ನನ್ನಜ್ಜನ ಕಾಲದ ಇಸವಿ ಉಬ್ಬಿ ನಿಂತಿದೆ.
ಇಸವಿ ಇದ್ದಲ್ಲಿ ಹ್ಯಾವ್ ಕೂಡದು, ಒಪ್ಪಿದೆ ಮಾಸ್ಟ್ರೇ,
ಆದರೆ ನಾನು ಇಲ್ಲಿ ಕೂತಂದಿನಿಂದ ಯಾರ ಅರ್ಜಿಯ ಮೇಲೂ ಒಂದು ಹನಿ ಬಿದ್ದಿಲ್ಲ.
ಇದಕ್ಕೆ ಏನು ಹೊಡೆಯಲಿ?

ವಾರಿಜಕ್ಕನೂ ಕತ್ತೆತ್ತಿದಳು. ಕಣ್ಣು ಕಿರಿದು ಮಾಡಿ ನೋಡಿದಳು.
‘ನಮ್ಮದಲ್ಲ, ಆಚೆ ಕಾರ್ಖಾನೆಯದ್ದು’ ಎಂದಳು,
‘ಅವರದ್ದು ಮಣ್ಣು ಸ್ವಲ್ಪ ಹದ ಕಮ್ಮಿ.’

ಆಮೇಲೆ ಪೆನ್ನು ಹಿಡಿದು
ವಾ, ರಿ, ಜ,
ತಲೆಯಿಂದ ಒಂದೊಂದೇ ಹೆಂಚು ಇಳಿಸಿದ ಹಾಗೆ,
ಒಂದಕ್ಕೊಂದು ತಾಗದಂತೆ.